ಚೀಟಿಯ ‘ಬಿಡಿ’ ಎಂದರೆ ಬಿಡಬೇಡಿ ಅಂತ

ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಎಷ್ಟೋ ಮಾತ್ರೆಗಳ ಹೆಸರಿನ ಪಕ್ಕ ‘ಬಿಡಿ’ ಎಂದಿರುತ್ತದೆ. ಲ್ಯಾಟಿನ್ನಿನಿಂದ ಬಂದ ಎರಡಕ್ಷರದ ಗುರುತು. ದಿನಕ್ಕೆರಡು ಸಲ ತೆಗೆದುಕೊಳ್ಳಿ ಎಂದು ಅದರ ಅರ್ಥ. ಕನ್ನಡದ ಕಿವಿಗೆ ಅದೇ ‘ಬಿಟ್ಟುಬಿಡಿ’ ಎಂದು ಕೇಳಿಸುತ್ತದೆ. ಚೀಟಿಯನ್ನು ಯಾರೂ ಗಟ್ಟಿಯಾಗಿ ಓದಿ ಹೇಳುವುದಿಲ್ಲವಾದ್ದರಿಂದ ಈ ಶ್ಲೇಷೆಯಿಂದ ಅನಾಹುತವೇನೂ ಆಗಲಿಕ್ಕಿಲ್ಲ. ಆದರೆ ಆ ಚೀಟಿಯನ್ನು ಬರೆದದ್ದು ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ಅದು ವೈದ್ಯರು ಔಷಧಿ ಅಂಗಡಿಯವನಿಗೆ ಬರೆದ ಕಾಗದ. ರೋಗಿ ಅದನ್ನು ಮುಟ್ಟಿಸುವ ಟಪಾಲಿನವನು. ಅಂಗಡಿಯ ಹುಡುಗ ಸ್ಟ್ರಿಪ್ಪನ್ನು ಲೆಕ್ಕಕ್ಕೆ ಕತ್ತರಿಸಿ, ಕವರಿನ ಮೇಲೆ ಪೆನ್ನಿನಲ್ಲಿ ಎರಡು ಗೀಟು ಎಳೆದು, “ಬೆಳಗ್ಗೆ ಒಂದು, ರಾತ್ರಿ ಒಂದು” ಎಂದರೆ ಅಲ್ಲಿಗೆ ರೋಗಿಯ ಪಾಠ ಮುಗಿಯಿತು.

ವೈದ್ಯರ ಕೋಣೆಯೊಳಗಿನ ಪಾಠವೂ ಇದಕ್ಕಿಂತ ಬಹಳ ದೊಡ್ಡದಲ್ಲ. “ಶುಗರ್ ಜಾಸ್ತಿ ಇದೆಯಮ್ಮಾ. ಮಾತ್ರೆ ತಪ್ಪಿಸಬೇಡಿ, ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ದಿನಾ ವಾಕಿಂಗ್ ಮಾಡಿ, ಕಾಲು ಜೋಪಾನ. ಗೊತ್ತಾಯ್ತಾ?” “ಹೂಂ ಡಾಕ್ಟ್ರೇ.” ಹೊರಗೆ ಬೆಂಚಿನ ಮೇಲೆ ನಲವತ್ತು ಜನ ಕಾಯುತ್ತಿದ್ದಾರೆ. 67 ದೇಶಗಳ ಮಾಹಿತಿಯನ್ನು ಕಲೆಹಾಕಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಭಾರತದ ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರ ಮುಂದೆ ರೋಗಿಗೆ ಸಿಗುವ ಹೊತ್ತು ಎರಡು ನಿಮಿಷದ ಆಸುಪಾಸು ಎಂದಿತ್ತು. ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ ಒಮ್ಮೆ ನಿಂತು ಬಂದವರಿಗೆ ಇದಕ್ಕೆ ಅಧ್ಯಯನವೇನೂ ಬೇಕಿಲ್ಲ. ಮುಂದಿನ ತಿಂಗಳು ಅದೇ ಅಮ್ಮ ಬಂದಾಗ ಶುಗರ್ ಇಳಿದಿರುವುದಿಲ್ಲ. ಆಗ ವೈದ್ಯರು ನರ್ಸಮ್ಮನ ಕಡೆ ತಿರುಗಿ ಹೇಳುವ ಮಾತು ನಮಗೆಲ್ಲ ಬಾಯಿಪಾಠ: “ಎಷ್ಟು ಹೇಳಿದರೂ ಅಷ್ಟೆ, ನಮ್ಮ ಜನ ಕೇಳಲ್ಲ.”

ನನ್ನ ವಾದ ಇಷ್ಟು. ಹೇಳುವುದು ಬೇರೆ, ಕಲಿಸುವುದು ಬೇರೆ. ನಾವು ರೋಗಿಗಳಿಗೆ ಹೇಳುತ್ತಿದ್ದೇವೆ, ಕಲಿಸುತ್ತಿಲ್ಲ. ಕಲಿಸದೆ ಬಿಟ್ಟಿದ್ದರ ಫಲವನ್ನು ರೋಗಿಯ ಹಟ, ಅಸಡ್ಡೆ, ಅಜ್ಞಾನ ಎಂಬ ಹೆಸರಿನಲ್ಲಿ ಅವರ ಖಾತೆಗೇ ಬರೆಯುತ್ತಿದ್ದೇವೆ. ಕಲಿಕೆಯನ್ನು ಅಳೆಯಬೇಕಾದದ್ದು ವೈದ್ಯರು ಏನೇನು ಹೇಳಿದರು ಎಂಬುದರಿಂದಲ್ಲ, ರೋಗಿ ಮನೆಗೆ ಹೋಗಿ ಏನು ಮಾಡಬಲ್ಲರು ಎಂಬುದರಿಂದ.

ಈ ವ್ಯತ್ಯಾಸ ಹಿಂದೆ ಇಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ. ಮಲೇರಿಯಾ, ಟೈಫಾಯಿಡ್, ಮುರಿದ ಮೂಳೆ ಇವುಗಳಲ್ಲೆಲ್ಲ ಕೆಲಸದ ಬಹುಪಾಲು ವೈದ್ಯರದು. ರೋಗಿ ಮಲಗಿರುತ್ತಾರೆ, ವೈದ್ಯರು ಮಾಡುತ್ತಾರೆ, ಕಾಯಿಲೆ ಹೋಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಆಸ್ತಮಾ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ. ಇವರಲ್ಲೊಬ್ಬರು ತಿಂಗಳಿಗೊಮ್ಮೆ ವೈದ್ಯರನ್ನು ಕಂಡು, ಉದಾರವಾಗಿ ಐದು ನಿಮಿಷ ಮಾತಾಡಿದರು ಎನ್ನೋಣ. ವರ್ಷಕ್ಕೆ ಒಂದು ಗಂಟೆಯಾಯಿತು. ವರ್ಷದಲ್ಲಿರುವುದು 8,760 ಗಂಟೆ. ಉಳಿದ 8,759 ಗಂಟೆ ಆ ಕಾಯಿಲೆಯ ವೈದ್ಯರು ರೋಗಿಯೇ. ಏನು ಉಣ್ಣಬೇಕು, ಮಾತ್ರೆ ಯಾವಾಗ, ಮದುವೆ ಮನೆಯಲ್ಲಿ ಹೋಳಿಗೆ ಬಡಿಸಿದಾಗ ಏನು ಮಾಡಬೇಕು, ನಡುರಾತ್ರಿ ಬೆವರಿ ಕೈನಡುಗಿದರೆ ಏನು ಎಂಬುದನ್ನೆಲ್ಲ ಅವರೇ ತೀರ್ಮಾನಿಸಬೇಕು. ಅಮೆರಿಕದ ಬಾಸ್ಟನ್ನಿನಲ್ಲಿದ್ದ ಮಧುಮೇಹ ತಜ್ಞ ಎಲಿಯಟ್ ಜಾಸ್ಲಿನ್‌ಗೆ ಇದು ಶತಮಾನದ ಹಿಂದೆಯೇ ಹೊಳೆದಿತ್ತು. ಇನ್ಸುಲಿನ್ ಇನ್ನೂ ಕಂಡುಹಿಡಿಯದಿದ್ದ 1918ರಲ್ಲೇ ಆತ ವೈದ್ಯರೂ ರೋಗಿಗಳೂ ಒಟ್ಟಿಗೆ ಓದಬಹುದಾದ ಕೈಪಿಡಿ ಬರೆದ. ಕಲಿಸುವುದನ್ನು ಆತ ಚಿಕಿತ್ಸೆಯ ಒಳಗಿನ ಕೆಲಸವೆಂದೇ ನಡೆಸಿದ. ನಮ್ಮಲ್ಲಿ ಅದು ಇವತ್ತಿಗೂ ಚಿಕಿತ್ಸೆ ಮುಗಿದ ಮೇಲೆ ಬಾಗಿಲ ಬಳಿ ಆಡುವ ಮಾತಾಗಿಯೇ ಉಳಿದಿದೆ.

ರೋಗಿಯ ಅಜ್ಞಾನವೇ ಎಲ್ಲಕ್ಕೂ ಮೂಲ ಎಂಬ ನಂಬಿಕೆಯನ್ನು ನಮ್ಮ ನೆಲವೇ ಒಮ್ಮೆ ಸುಳ್ಳು ಮಾಡಿ ತೋರಿಸಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾದ ಹೊಸತರಲ್ಲಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಹಳ್ಳಿಯವರಿಗೆ ಕೆಮ್ಮಿನ ಗಂಭೀರತೆ ತಿಳಿಯದು, ನಾಟಿ ಔಷಧಿ ಮಾಡಿಕೊಂಡು ಕೂರುತ್ತಾರೆ, ಆದ್ದರಿಂದ ಮೊದಲು ‘ಜಾಗೃತಿ’ ಮೂಡಿಸಬೇಕು ಎಂಬುದು ಆ ಕಾಲದ ತಿಳಿದವರ ಎಣಿಕೆ. ಮನೆಮನೆಗೆ ಹೋಗಿ ಕೇಳಿದಾಗ ಕಂಡದ್ದೇ ಬೇರೆ. ಕ್ಷಯ ತಗುಲಿದ್ದವರಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಇಂಗ್ಲಿಷ್ ಔಷಧಿಯ ಆಸ್ಪತ್ರೆಗಳ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಜನ ಬಂದಿದ್ದರು, ಆಸ್ಪತ್ರೆ ಅವರ ಮಾತು ಕೇಳಿಸಿಕೊಂಡಿರಲಿಲ್ಲ. 1963ರಲ್ಲಿ ಪ್ರಕಟವಾದ ಈ ಅಧ್ಯಯನ ದೇಶದ ಕ್ಷಯ ನಿಯಂತ್ರಣದ ದಾರಿಯನ್ನೇ ಪ್ರಭಾವಿಸಿತು. ಆದರೆ ಅದು ಕಲಿಸಿದ ಮೊದಲ ಪಾಠವನ್ನು, ಅಂದರೆ ರೋಗಿಯನ್ನು ದೂರುವ ಮುಂಚೆ ಅವರನ್ನು ಕೇಳಬೇಕು ಎಂಬುದನ್ನು, ನಾವು ಅಲ್ಲೇ ತುಮಕೂರಿನ ಹಳ್ಳಿಗಳಲ್ಲಿ ಬಿಟ್ಟು ಬಂದಂತಿದೆ.

ಕೇಳಿದರೆ ಏನು ತಿಳಿಯುತ್ತದೆ? ಬಿಪಿ ಮಾತ್ರೆ ನಿಲ್ಲಿಸಿದವರನ್ನು ಗದರದೆ ಕೇಳಿ ನೋಡಿ. “ಹೋದ ಸಲ ಚೆಕ್ ಮಾಡಿದಾಗ ನಾರ್ಮಲ್ ಅಂದ್ರಲ್ಲ, ಅದಕ್ಕೇ ನಿಲ್ಲಿಸಿದೆ” ಎನ್ನುತ್ತಾರೆ. ಈ ಉತ್ತರದಲ್ಲಿ ದಡ್ಡತನವಿಲ್ಲ, ತರ್ಕವಿದೆ. ಜ್ವರ ಬಂದಾಗ ಮಾತ್ರೆ, ಜ್ವರ ಇಳಿದಾಗ ನಿಲ್ಲಿಸುವುದು ಎಂದು ಅವರ ಜನ್ಮದ ಅನುಭವ ಹೇಳಿದೆ. ಹೊಸ ಪಾಠ ಹೇಳುವವರು ಈ ಹಳೆಯ ಪಾಠವನ್ನು ಮೊದಲು ಕಂಡುಕೊಳ್ಳಬೇಕು. ಆಮೇಲೆ ಹೇಳಬಹುದು: “ಮಳೆಯಲ್ಲಿ ಕೊಡೆ ಹಿಡಿದುಕೊಂಡು ಹೋಗ್ತಿದ್ದೀರಿ, ನೆನೆದಿಲ್ಲ. ನೆನೆದಿಲ್ಲ ಅಂತ ಕೊಡೆ ಮಡಿಸ್ತೀರಾ? ಮಳೆ ಇನ್ನೂ ಬರ್ತಾನೇ ಇದೆ.” ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಆದರೆ ರೋಗಿ ಏಕೆ ನಿಲ್ಲಿಸಿದರು ಎಂದು ಕೇಳದ ವೈದ್ಯರಿಗೆ ಯಾವ ಹೋಲಿಕೆ ಬೇಕು ಎಂಬುದೇ ಗೊತ್ತಾಗುವುದಿಲ್ಲ. “ತಪ್ಪಿಸಬೇಡಿ” ಎಂದು ಹತ್ತು ಸಲ ಹೇಳುತ್ತಾರೆ. ಹತ್ತೂ ಸಲ ಅದು ಬೇರೆಯದೇ ಪ್ರಶ್ನೆಗೆ ಕೊಟ್ಟ ಉತ್ತರವಾಗಿರುತ್ತದೆ.

ಇನ್ನು ಕೆಲವು ವಿಷಯಗಳನ್ನು ಎಷ್ಟು ಚೆನ್ನಾಗಿ ಬಾಯಲ್ಲಿ ಹೇಳಿದರೂ ಪ್ರಯೋಜನವಿಲ್ಲ, ಕೈಗೆ ಕಲಿಸಬೇಕು. ಇನ್ಸುಲಿನ್ನನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್ ಬಲದ್ದೂ ಉಂಟು. ಅದರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 20 ಯೂನಿಟ್ ಅಲ್ಲ, 8. ತಿರುವುಮುರುವಾಗಿ 100ರ ಬಾಟಲಿಗೆ ಕೆಂಪು ಸಿರಿಂಜ್ ಹಾಕಿದರೆ ಅದೇ ಗೆರೆಗೆ 50 ಯೂನಿಟ್ ಹೋಗುತ್ತದೆ; ಅದು ಪ್ರಾಣಕ್ಕೇ ಎರವಾಗಬಹುದು. ಅಂಗಡಿಯಲ್ಲಿ ಕೆಂಪು ಮುಗಿದಿದೆ ಎಂದು ಕಿತ್ತಳೆ ಕೊಟ್ಟರು ಎನ್ನಿ. ರೋಗಿ ಹೇಳಿದ ಗೆರೆಗೇ ಹೇಳಿದ ಹೊತ್ತಿಗೇ ಒಂದು ದಿನವೂ ತಪ್ಪಿಸದೆ ಚುಚ್ಚಿಕೊಳ್ಳುತ್ತಾರೆ. ಶುಗರ್ ಇಳಿಯುವುದಿಲ್ಲ. “ಬಾಯಿ ಕಟ್ತಿಲ್ಲ ನೀವು” ಎಂದು ಬೈಸಿಕೊಳ್ಳುತ್ತಾರೆ, ಡೋಸ್ ಏರುತ್ತದೆ. ಯಾವತ್ತೋ ಕೆಂಪು ಸಿರಿಂಜ್ ಮತ್ತೆ ಸಿಕ್ಕ ದಿನ, ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗಿ ತಲೆ ಸುತ್ತಿ ಬೀಳುತ್ತಾರೆ. ಈ ಕತೆಯಲ್ಲಿ ಅವಿಧೇಯರು ಯಾರೂ ಇಲ್ಲ. “ನಿಮ್ಮ ಮನೆಯ ಸಿರಿಂಜ್ ತಂದು ನನ್ನ ಮುಂದೆ ಒಂದು ಸಲ ಎಳೆದು ತೋರಿಸಿ” ಎಂದು ಯಾರೂ ಕೇಳಿರಲಿಲ್ಲ, ಅಷ್ಟೆ. ಆಸ್ತಮಾದವರ ಇನ್ಹೇಲರಿನ ಕತೆಯೂ ಇದೇ. ಕುಲುಕಿ, ಉಸಿರು ಹೊರಬಿಟ್ಟು, ಒತ್ತುತ್ತಲೇ ನಿಧಾನವಾಗಿ ಒಳಗೆಳೆದು, ಹತ್ತು ಎಣಿಸುವವರೆಗೆ ತಡೆಹಿಡಿಯಬೇಕು. ಈ ಕ್ರಮ ತಪ್ಪಿದರೆ ಔಷಧಿಯ ಹೆಚ್ಚಿನ ಪಾಲು ಶ್ವಾಸಕೋಶಕ್ಕೆ ಇಳಿಯದೆ ಬಾಯಲ್ಲೇ ಉಳಿಯಬಹುದು.

ಆಹಾರದ ಪಾಠ ಇನ್ನೂ ವಿಚಿತ್ರ. ಆಸ್ಪತ್ರೆಗಳು ಕೈಗೆ ಕೊಡುವ ಡಯಟ್ ಚಾರ್ಟಿನಲ್ಲಿ ಓಟ್ಸ್ ಇರುತ್ತದೆ, ಸೇಬು ಇರುತ್ತದೆ, ಹತ್ತೂವರೆಗೆ ಮಜ್ಜಿಗೆಯೂ ನಾಲ್ಕಕ್ಕೆ ಮೊಳಕೆ ಕಾಳೂ ಇರುತ್ತವೆ. ಮಂಡ್ಯದ ಕಡೆಯ ಮುದ್ದೆಯೂ ಇರುವುದಿಲ್ಲ, ಕಲಬುರಗಿಯ ಜೋಳದ ರೊಟ್ಟಿಯೂ ಇರುವುದಿಲ್ಲ. ಆ ಹಾಳೆ ನೇರ ಹೋಗುವುದು ಗೋಡೆಯ ಮೊಳೆಗೆ. ಅದು ತೆರವು ಮಾಡಿದ ಜಾಗದಲ್ಲಿ ಊರಿನ ಪಾಠ ಬಂದು ಕೂರುತ್ತದೆ: “ರಾಗಿ ಎಷ್ಟಾದರೂ ಉಣ್ಣಬಹುದು, ಅನ್ನ ಮುಟ್ಟಬಾರದು.” ರಾಗಿಯಲ್ಲಿ ನಾರು ಹೆಚ್ಚು ನಿಜ, ಆದರೆ ಅಕ್ಕಿ ಗೋಧಿಗಳಂತೆ ಅದರಲ್ಲೂ ಬಹುಪಾಲು ಇರುವುದು ಪಿಷ್ಟವೇ. ಎರಡು ದೊಡ್ಡ ಮುದ್ದೆ ಉಂಡು, ಅನ್ನ ಬಿಟ್ಟೆನಲ್ಲ ಎಂದು ನೆಮ್ಮದಿಯಿಂದಿರುವವರ ಶುಗರ್ ಇಳಿಯದಿದ್ದರೆ ಆಶ್ಚರ್ಯವೇನು? ಕಲಿಸಬೇಕಾದದ್ದು ಮುದ್ದೆ ಬಿಡುವುದನ್ನಲ್ಲ. ಮುದ್ದೆ ಎಷ್ಟು ದಪ್ಪ ಇರಬೇಕು, ತಟ್ಟೆಯಲ್ಲಿ ಅದರ ಪಕ್ಕ ಸೊಪ್ಪಿನ ಸಾರು ಎಷ್ಟಿರಬೇಕು, ಕಾಳು ಎಷ್ಟಿರಬೇಕು ಎಂಬುದನ್ನು. ಇದನ್ನು ಕಲಿಸಬೇಕಾದರೆ ಮುದ್ದೆ ಕಟ್ಟುವ ಕೈ ಯಾರದು ಎಂದೂ ತಿಳಿದಿರಬೇಕು. ಕಾಯಿಲೆ ಗಂಡನದು, ಅಡಿಗೆ ಹೆಂಡತಿಯದು, ಪಾಠ ಮಾತ್ರ ಗಂಡನಿಗೆ ಎನ್ನುವುದು ನಮ್ಮ ಒಪಿಡಿಗಳ ದಿನನಿತ್ಯದ ದೃಶ್ಯ.

ಹಾಗಾದರೆ ಕಲಿಸುವುದು ಹೇಗೆ? ಇದಕ್ಕೆ ನಮ್ಮ ಪಕ್ಕದ ಬಾಂಗ್ಲಾದೇಶದ ಒಂದು ಉದಾಹರಣೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. 1980ರಿಂದ 1990ರವರೆಗೆ ಬ್ರಾಕ್ ಎಂಬ ಸಂಸ್ಥೆ ಅಲ್ಲಿನ 1.2 ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ, ವಾಂತಿಭೇದಿಯಾದ ಮಕ್ಕಳಿಗೆ ಉಪ್ಪು ಬೆಲ್ಲದ ನೀರು ಮಾಡಿ ಕುಡಿಸುವುದನ್ನು ತಾಯಂದಿರಿಗೆ ಕಲಿಸಿತು. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಅಳತೆಯೆಲ್ಲ ಆ ತಾಯಿಯ ಕೈಯಲ್ಲೇ ಇತ್ತು. ಕಾರ್ಯಕರ್ತೆ ಬರೀ ಮಾಡಿ ತೋರಿಸಿ ಹೋಗುತ್ತಿರಲಿಲ್ಲ, ತಾಯಿಯ ಕೈಯಲ್ಲೇ ಮಾಡಿಸುತ್ತಿದ್ದಳು. ಎಲ್ಲಕ್ಕಿಂತ ಮುಖ್ಯವಾದದ್ದು ಸಂಬಳದ ಲೆಕ್ಕ. ಕಾರ್ಯಕರ್ತೆ ಎಷ್ಟು ಮನೆಗೆ ಹೋದಳು ಎಂಬುದರ ಮೇಲೆ ಅವಳ ಸಂಬಳ ನಿಂತಿರಲಿಲ್ಲ. ದಿನಗಳು ಕಳೆದ ಮೇಲೆ ಬೇರೆಯವರು ಅದೇ ಮನೆಗಳಲ್ಲಿ ಕೆಲವಕ್ಕೆ ಹೋಗಿ ಕೇಳುತ್ತಿದ್ದರು; ತಾಯಿಗೆ ಎಷ್ಟು ನೆನಪಿದೆ, ಅವಳು ಕಲಸಿದ ನೀರು ಎಷ್ಟು ಸರಿಯಾಗಿದೆ ಎಂಬುದರ ಮೇಲೆ ಕಲಿಸಿದವಳ ಗಳಿಕೆ ನಿಲ್ಲುತ್ತಿತ್ತು. ಮೊದಮೊದಲು ಕಲಿತವರಲ್ಲಿ ಬಳಸುವವರು ಕಡಿಮೆ ಇದ್ದರು. ಆಗಲೂ ಸಂಸ್ಥೆ ತಾಯಂದಿರನ್ನು ದೂರಲಿಲ್ಲ. ಕಾರಣ ಹುಡುಕಿದಾಗ, ಕಲಿಸುವವರಿಗೇ ಈ ನೀರಿನ ಮೇಲೆ ನಂಬಿಕೆ ಇರಲಿಲ್ಲ, ಮನೆಯ ಗಂಡಸರಿಗೆ ವಿಷಯವನ್ನೇ ಹೇಳಿರಲಿಲ್ಲ ಎಂದು ತಿಳಿಯಿತು. ಎರಡನ್ನೂ ಸರಿಪಡಿಸಿದರು.

ನಮ್ಮ ಆಸ್ಪತ್ರೆಗಳು ಇದರಿಂದ ಎತ್ತಿಕೊಳ್ಳಬಹುದಾದ ಒಂದು ಸಣ್ಣ ಬದಲಾವಣೆ ಇದೆ. “ಗೊತ್ತಾಯ್ತಾ?” ಎಂದು ಕೇಳುವುದನ್ನು ನಿಲ್ಲಿಸಬೇಕು. ಡಾಕ್ಟರ ಮುಂದೆ ಕುಳಿತ ರೈತ, “ಇಲ್ಲ, ಗೊತ್ತಾಗಲಿಲ್ಲ” ಎನ್ನುವುದಿಲ್ಲ. ದೊಡ್ಡವರೆದುರು ಹಾಗೆನ್ನುವುದು ಮರ್ಯಾದೆಯಲ್ಲ ಎಂದೇ ನಾವು ಬೆಳೆದಿದ್ದೇವೆ. ಅದರ ಬದಲು, “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೊಳ್ತೀರಿ, ಒಂದು ಸಲ ಹೇಳಿ” ಎಂದು ಕೇಳಬಹುದು. ಈಗ ಪರೀಕ್ಷೆ ರೋಗಿಗಲ್ಲ, ಹೇಳಿದವರಿಗೆ. ರೋಗಿಯ ಬಾಯಿಂದ ಬರುವ ಉತ್ತರದಲ್ಲಿ ತಪ್ಪಿದ್ದರೆ ಅದು ಅಲ್ಲೇ, ಆ ಮೇಜಿನ ಮುಂದೆಯೇ ಸಿಕ್ಕಿಬೀಳುತ್ತದೆ.

“ಇದಕ್ಕೆಲ್ಲ ಸಮಯವೆಲ್ಲಿದೆ?” ವೈದ್ಯರ ಈ ಪ್ರಶ್ನೆ ನೆಪವಲ್ಲ, ವಾಸ್ತವ. ಆದರೆ ಕಲಿಸುವ ಕೆಲಸವನ್ನೆಲ್ಲ ವೈದ್ಯರೇ ಮಾಡಬೇಕೆಂದು ಯಾರು ಹೇಳಿದರು? ಒಳರೋಗಿಯಾಗಿ ಮೂರು ದಿನ ಇದ್ದವರ ಪಕ್ಕದಲ್ಲಿ ಒಬ್ಬ ಮಗಳೋ ಸೊಸೆಯೋ ಮೂರು ದಿನವೂ ಸುಮ್ಮನೆ ಕಾರಿಡಾರಿನಲ್ಲಿ ಕೂತಿರುತ್ತಾಳೆ. ಡಿಸ್ಚಾರ್ಜ್ ದಿನ, ಬಿಲ್ಲಿನ ಗಡಿಬಿಡಿಯಲ್ಲಿ, ಇಂಗ್ಲಿಷಿನ ಸಮ್ಮರಿ ಹಾಳೆ ಅವಳ ಕೈಗೆ ಬೀಳುತ್ತದೆ. ಮೂರು ದಿನದ ಆ ಬಿಡುವೇ ತರಗತಿಯಾಗಬಹುದಿತ್ತು. 2014ರಲ್ಲಿ ಆರಂಭವಾದ ನೂರಾ ಹೆಲ್ತ್ ಎಂಬ ಸಂಸ್ಥೆ ಮಾಡಿದ್ದು ಇದನ್ನೇ: ನಾರಾಯಣ ಹೆಲ್ತ್ ಆಸ್ಪತ್ರೆಗಳ ಜೊತೆ ತೊಡಗಿ, ನರ್ಸುಗಳ ಮೂಲಕ ರೋಗಿಗಳ ಮನೆಯವರಿಗೆ ವಾರ್ಡಿನಲ್ಲೇ ಆರೈಕೆಯ ಪಾಠ ಕಲಿಸಿ, ಆಮೇಲೆ ಸರ್ಕಾರಿ ಆಸ್ಪತ್ರೆಗಳಿಗೂ ಅದನ್ನು ಒಯ್ದಿತು. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಆರೋಗ್ಯ ಇಲಾಖೆಯೊಡನೆ ಸೇರಿ, ಎರಡು ಕೆಜಿಗಿಂತ ಕಡಿಮೆ ತೂಕದ ಕೂಸುಗಳನ್ನು ತಾಯಿ ಎದೆಗವಚಿ ಮೈಬಿಸಿಯಲ್ಲಿ ಬೆಳೆಸುವ ‘ಕಾಂಗರೂ ಆರೈಕೆ’ಯನ್ನು ನೆಲೆಗೊಳಿಸಲು ದುಡಿದದ್ದೂ ಇದೇ ದಾರಿಯಲ್ಲಿ. ಅಲ್ಲಿ ಔಷಧಿಯೇ ತಾಯಿಯ ಮೈ. ಕಲಿಸದಿದ್ದರೆ ಚಿಕಿತ್ಸೆಯೇ ಇಲ್ಲ. ಮನೆಗೆ ಹೋದ ಮೇಲೆ ಬಾಣಂತಿ ಗಂಟೆಗಟ್ಟಲೆ ಹಾಗೆ ಕೂರಬೇಕಾದರೆ ಒಲೆಯ ಮುಂದೆ ಇನ್ನೊಬ್ಬರು ನಿಲ್ಲಬೇಕು. ಆದ್ದರಿಂದ ಪಾಠ ಅತ್ತೆಗೂ ಗಂಡನಿಗೂ ಬೇಕು.

ಭಾಷೆಯದು ಇನ್ನೊಂದು ಮಾತು. ಕನ್ನಡದಲ್ಲಿ ವೈದ್ಯಕೀಯವನ್ನು ತಿಳಿಯ ಹೇಳಲಾಗದು ಎಂಬ ನೆಪ ನಮ್ಮಲ್ಲಿ ನಿಲ್ಲುವುದಿಲ್ಲ. ‘ತಾಯಿ-ಮಗು’ ಬರೆದ ಡಾ. ಅನುಪಮಾ ನಿರಂಜನ, ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ರಾಶಿ ರಾಶಿ ಬರೆದ ಡಾ. ಸಿ.ಆರ್. ಚಂದ್ರಶೇಖರ್ ನಮ್ಮೆದುರಿಗಿದ್ದಾರೆ. ಆದರೆ ಪುಸ್ತಕದ ಕನ್ನಡ ಒಪಿಡಿಯ ಮೇಜಿಗೆ ಬಂದಿಲ್ಲ. ಬಂದಾಗಲೂ ‘ಅಧಿಕ ರಕ್ತದೊತ್ತಡ’ ಎಂದು ಸಮವಸ್ತ್ರ ತೊಟ್ಟು ಬರುತ್ತದೆ. ಜನ ಅದನ್ನು ‘ಬಿಪಿ’ ಎಂದು ಕರೆದು ಎಷ್ಟೋ ಕಾಲವಾಯಿತು. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ರೋಗಿಯೊಡನೆ ಮಾತಾಡುವ ಕಲೆಗೂ ಸ್ಥಳೀಯ ಭಾಷೆಗೂ ಜಾಗ ಸಿಕ್ಕಿದೆ. ಅದು ಹಾಜರಾತಿಯ ವಿಷಯವಾಗದೆ, ಮುದ್ದೆಯ ಗಾತ್ರವನ್ನು ಮಾತಿನಲ್ಲಿ ತೋರಿಸಬಲ್ಲ ವೈದ್ಯರನ್ನು ಕೊಟ್ಟರೆ ಸಾರ್ಥಕ. ಆಸ್ಪತ್ರೆ ಕಲಿಸದಿದ್ದರೆ ರೋಗಿ ಕಲಿಯದೆ ಇರುವುದಿಲ್ಲ, ವಾಟ್ಸ್ಆಪ್ ಕಲಿಸುತ್ತದೆ. ಹಾಗಲಕಾಯಿ ರಸದಿಂದ ಇನ್ಸುಲಿನ್ ಬಿಡಬಹುದು ಎನ್ನುವ ವಿಡಿಯೊದ ಶಕ್ತಿ ಅದರ ಸತ್ಯದಲ್ಲಿಲ್ಲ. ಅದು ಅಚ್ಚ ಕನ್ನಡದಲ್ಲಿ, ಅವಸರವಿಲ್ಲದೆ, ಹತ್ತು ನಿಮಿಷ ಮಾತಾಡುತ್ತದೆ.

ಇಲ್ಲಿ ನನ್ನ ವಾದಕ್ಕೇ ಒಂದು ಎಚ್ಚರಿಕೆ ಹೇಳಬೇಕು. ರೋಗಿಗೆ ಕಲಿಸುವ ಮಾತು ಸುಲಭವಾಗಿ ರೋಗಿಯ ಮೇಲೆ ಹೊರಿಸುವ ಮಾತಾಗಬಹುದು. “ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ” ಎಂಬ ಗೋಡೆಬರಹದ ಹಿಂದೆ ಖಾಲಿ ಔಷಧಿ ಕಪಾಟು ಅಡಗಿರಬಹುದು. ದಿನವಿಡೀ ಗಾರೆ ಕೆಲಸ ಮಾಡಿ ಬಂದವಳಿಗೆ ವಾಕಿಂಗಿನ ಪಾಠ ಹಾಸ್ಯಾಸ್ಪದ. ಇನ್ಸುಲಿನ್ನನ್ನು ತಂಪಿನಲ್ಲಿಡಿ ಎಂದರೆ ಫ್ರಿಜ್ ಇಲ್ಲದ ಮನೆಯಲ್ಲಿ ಏನು ಮಾಡಬೇಕು ಎಂದೂ ಹೇಳಬೇಕು; ನೀರು ತುಂಬಿದ ಮಣ್ಣಿನ ಮಡಕೆಯ ತಂಪು ಅಲ್ಲಿ ಕೆಲಸಕ್ಕೆ ಬರುತ್ತದೆ. ಕಲಿಕೆ ಸಂಬಳದ, ಔಷಧಿ ಪೂರೈಕೆಯ, ವಿರಾಮದ ಬದಲಿಗೆ ನಿಲ್ಲಲಾರದು. ಕಲಿಸುವವರಿಗೂ ಇದೇ ಅನ್ವಯಿಸುತ್ತದೆ. ಮನೆಬಾಗಿಲಿಗೇ ಹೋಗಿ ಬಿಪಿ, ಶುಗರ್ ತಪಾಸಿಸುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಮನೆಬಾಗಿಲಿಗೆ ಹೋಗುವ ಇಂಥ ಕೆಲಸಗಳೆಲ್ಲ ಕೊನೆಗೆ ಒರಗುವ ಹೆಗಲು ಆಶಾ ಕಾರ್ಯಕರ್ತೆಯರದು. ತಿಂಗಳಿಗೆ 15,000 ರೂಪಾಯಿ ಖಚಿತ ಗೌರವಧನ ಕೊಡಿ ಎಂದು 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದನ್ನು ನಾವು ನೋಡಿದ್ದೇವೆ. ಬಾಂಗ್ಲಾದಲ್ಲಿ ತಾಯಿಯ ನೆನಪಿಗೆ ಬೆಲೆ ಕಟ್ಟಿ ಕಲಿಸಿದವಳಿಗೆ ಕೊಟ್ಟರು. ನಮ್ಮಲ್ಲಿ ಎಷ್ಟು ಮನೆ, ಎಷ್ಟು ತಪಾಸಣೆ, ಎಷ್ಟು ನಮೂನೆ ಭರ್ತಿ ಎಂದು ಎಣಿಸುತ್ತೇವೆ. ತಪಾಸಣೆಯಲ್ಲಿ ಶುಗರ್ ಇದೆ ಎಂದು ತಿಳಿದ ಮನೆಯಲ್ಲಿ ಆರು ತಿಂಗಳ ಮೇಲೆ ಯಾರಾದರೂ ಏನನ್ನಾದರೂ ಬೇರೆ ಥರ ಮಾಡುತ್ತಿದ್ದಾರೆಯೇ ಎಂಬ ಕಲಂ ಆ ನಮೂನೆಗೆ ಇನ್ನು ಸೇರಬೇಕು.

ಮತ್ತೆ ಆ ಚೀಟಿಗೆ ಬರುತ್ತೇನೆ. ಅದರ ಮೇಲೆ ‘ಬಿಡಿ’ ಎಂದು ಬರೆದರೂ ಅಡ್ಡಿಯಿಲ್ಲ. ಅಂಗಡಿಯವನಿಗೆ ಅದು ಬೇಕಾದೀತು. ಅದರ ಹಿಂಬದಿ ಖಾಲಿ ಇರುತ್ತದಲ್ಲ, ಅಲ್ಲಿ ಸಿಸ್ಟರ್ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ. ಬರೆಯುವುದು ತಮ್ಮ ಮಾತನ್ನಲ್ಲ, “ಮನೆಗೆ ಹೋಗಿ ಏನು ಮಾಡ್ತೀಯಮ್ಮಾ?” ಎಂದು ಕೇಳಿದಾಗ ಆಕೆ ಕೊಟ್ಟ ಉತ್ತರವನ್ನು. ಓದು ಬಾರದವಳಾದರೆ ಜೊತೆಗೆ ಬಂದ ಮೊಮ್ಮಗನೇ ಬರೆಯಲಿ. ಮುಂದಿನ ತಿಂಗಳು ಆಕೆ ಬಂದಾಗ ವೈದ್ಯರು ರಿಪೋರ್ಟಿಗಿಂತ ಮೊದಲು ಚೀಟಿಯ ಹಿಂಬದಿಯನ್ನು ತಿರುಗಿಸಿ ನೋಡಲಿ. ಅಲ್ಲಿರುವುದು ತಪ್ಪಾಗಿದ್ದರೆ, ಹಿಂದಿನ ಸಲ ತಾವು ಹೇಳಿದ್ದು ಎಲ್ಲಿ ಮುಟ್ಟಲಿಲ್ಲ ಎಂಬುದು ಆಕೆಯ ಮಾತಿನಲ್ಲೇ ಅವರ ಕಣ್ಣಿಗೆ ಬೀಳುತ್ತದೆ.